ಗರಡಿಯಲ್ಲೇ ಮಡಿದವರು

ಬೆಂಗಳೂರಿನಿಂದ ಶಿಕಾಗೊಗೆ ಹೊರಟವರ ಪೆಟ್ಟಿಗೆಗೆ ಅಂಟಿಸುವ ಚೀಟಿಯ ಮೇಲೆ ಮೂರು ದಪ್ಪ ಅಕ್ಷರಗಳಿರುತ್ತವೆ: ಓ, ಆರ್, ಡಿ. ಇಳಿಯುವ ನಿಲ್ದಾಣದ ಹೆಸರೋ ಓಹೇರ್. ಅದರಲ್ಲಿ ‘ಡಿ’ ಎಲ್ಲಿಂದ ಬಂತು? ಸ್ಕೋಕಿಯಲ್ಲಿರುವ ಮಗಳ ಮನೆಗೆ ಮೊದಲ ಸಲ ಹೋದಾಗ ಕಾರು ಹತ್ತುತ್ತಲೇ ಅಳಿಯನನ್ನು ಕೇಳಿದ್ದೆ. ‘ಆ ಜಾಗದ ಹಳೇ ಹೆಸರು ಆರ್ಚರ್ಡ್ ಪ್ಲೇಸ್ ಅಂತೆ ಮಾವ, ಹಣ್ಣಿನ ತೋಟ’ ಎಂದ. ಎರಡನೇ ಮಹಾಯುದ್ಧದ ಕಾಲಕ್ಕೆ ಅಲ್ಲಿ ಡಗ್ಲಸ್ ಕಂಪನಿಯ ಕಾರ್ಖಾನೆಯಿತ್ತು. ಸಿ-54 ಎಂಬ ನಾಲ್ಕು ಎಂಜಿನ್ನಿನ ಸಾಗಣೆ ವಿಮಾನಗಳು ಆರುನೂರಕ್ಕೂ ಹೆಚ್ಚು ಅಲ್ಲಿಂದ ಹೊರಬಿದ್ದವು. 1949ರಲ್ಲಿ ನಿಲ್ದಾಣದ ಹೆಸರು ಬದಲಾಯಿತು. ಚೀಟಿಯ ಮೇಲಿನ ಅಕ್ಷರಗಳು ಮಾತ್ರ ತೋಟದ ನೆನಪನ್ನು ಬಿಡಲಿಲ್ಲ.

ಆ ಹೊಸ ಹೆಸರು ಯಾರದೆಂದು ತಿಳಿದದ್ದು ಡೆಟ್ರಾಯಿಟ್ ಕಡೆ ಇರುವ ತಂಗಿಯ ಮನೆಗೆ ಹೊರಟ ದಿನ. ಎರಡನೇ ಟರ್ಮಿನಲ್ಲಿನಲ್ಲಿ ಕಾಫಿ ಅಂಗಡಿ ಹುಡುಕುತ್ತಿದ್ದವನಿಗೆ ಎದುರಾದದ್ದು ಮೊಂಡು ಮೂತಿಯ, ಗಿಡ್ಡ ಮೈಯ ಹಳೆಯ ಯುದ್ಧವಿಮಾನ. ಅದರ ಹೆಸರು ವೈಲ್ಡ್‌ಕ್ಯಾಟ್, ಅಂದರೆ ಕಾಡುಬೆಕ್ಕು. ಹೆಸರಿಗೆ ತಕ್ಕ ಗಾತ್ರ. ಮೈಮೇಲೆ ‘ಎಫ್-15’ ಎಂಬ ಬಿಳಿಯ ಗುರುತು. ನೌಕಾಪಡೆಯ ಪೈಲಟ್ ಎಡ್ವರ್ಡ್ ‘ಬುಚ್’ ಓಹೇರ್ 1942ರ ಫೆಬ್ರುವರಿ 20ರಂದು ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ನೌಕೆಯ ಮೇಲೆ ಎರಗಿದ ಜಪಾನಿ ಬಾಂಬರುಗಳ ಗುಂಪನ್ನು ತಡೆದ. ಐದು ವಿಮಾನ ಕೆಡವಿದ ಕೀರ್ತಿ ಅವನ ಲೆಕ್ಕಕ್ಕೆ ಬಂತು, ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಎದೆಗೇರಿತು. ಆ ದಿನ ಅವನ ವಿಮಾನಕ್ಕಿದ್ದ ಗುರುತನ್ನೇ ಇದಕ್ಕೂ ಬಳಿದಿದ್ದಾರೆ.

ಬಳಿದಿದ್ದಾರೆ ಎಂದೆ. ಏಕೆಂದರೆ ಇದು ಅವನು ಹಾರಿಸಿದ ವಿಮಾನವಲ್ಲ. ಇದು ಯುದ್ಧದಲ್ಲಿ ಬಿದ್ದದ್ದೂ ಅಲ್ಲ. ಶಿಕಾಗೊ ಊರಿಗೆ ಹೊಂದಿಕೊಂಡೇ ಇರುವ ಮಿಶಿಗನ್ ಸರೋವರದ ತಳದಲ್ಲಿ ಐವತ್ತು ವರ್ಷದಷ್ಟು ಕಾಲ ಮಲಗಿದ್ದು, ಆಮೇಲೆ ಮೇಲೆದ್ದು ಬಂದ ತರಬೇತಿಯ ವಿಮಾನ. ವೀರನ ಹೆಸರಿನ ಹಿಂದೆ ಕಲಿಯಲು ಹೋಗಿ ನೀರಿಗೆ ಬಿದ್ದ ವಿಮಾನವೊಂದು ತಲೆಮರೆಸಿಕೊಂಡು ನಿಂತಿದೆ. ಸೂಟ್‌ಕೇಸು ಎಳೆದುಕೊಂಡು ಓಡುವ ಸಾವಿರಾರು ಜನಕ್ಕೆ ಇದು ಗೊತ್ತಾಗುವ ಹಾಗಿಲ್ಲ.

ಸೊರಬದ ಕಡೆಯ ನಮ್ಮೂರಿನಲ್ಲಿ ಕೆರೆ ಏರಿಯ ಮೇಲೆ ಮೂರು ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನಿಗೊಂದು, ಊರಿಗಾಗಿ ಕಾದಾಡಿದವನಿಗೊಂದು. ಮೂರನೆಯದರ ಮುಖ ಸವೆದು ಹೋಗಿದೆ. ಊರಾಚೆ ಒಂದು ಗರಡಿಮನೆಯಿತ್ತು. ಅಲ್ಲಿ ಪಟ್ಟು ಕಲಿಯುವಾಗ ಕತ್ತು ಉಳುಕಿ ತೀರಿಕೊಂಡ ಹುಡುಗನೊಬ್ಬನ ಕತೆಯನ್ನು ಅಜ್ಜ ಹೇಳುತ್ತಿದ್ದರು. ‘ಅವನಿಗೇಕೆ ಕಲ್ಲು ನಿಲ್ಲಿಸಲಿಲ್ಲ?’ ಎಂದು ನಾನು ಕೇಳಿದ್ದೆ. ಅಜ್ಜ ಸುಮ್ಮನಾಗಿದ್ದರು. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೇ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನೆಟ್ಟ ನಾಡು ನಮ್ಮದು. ಆದರೆ ಗರಡಿಯಲ್ಲಿ ಬಿದ್ದವನಿಗೆ? ಓಹೇರಿನ ಆ ಕಾಡುಬೆಕ್ಕಿನ ಮುಂದೆ ನಿಂತಾಗ ಅಜ್ಜನ ಮೌನ ನೆನಪಾಯಿತು.

ಕಲ್ಲಿದ್ದಲು ಉಗುಳುವ ವಿಮಾನವಾಹಕ

ಸ್ಕೋಕಿ ಹೇಳಿಕೊಳ್ಳುವಂಥ ಯುದ್ಧಭೂಮಿಯಲ್ಲ. ಆ ಹೆಸರೇ ಜೌಗು ನೆಲವನ್ನು ಸೂಚಿಸುವ ಅಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದದ್ದು. 1940ರವರೆಗೆ ಊರಿನ ಹೆಸರು ನೈಲ್ಸ್ ಸೆಂಟರ್. 1920ರ ದಶಕದಲ್ಲಿ ನಿವೇಶನದ ಹುಚ್ಚು ಹತ್ತಿ ಬೀದಿಗಳನ್ನು ಎಳೆದರು, ಕಾಲುದಾರಿ ಹಾಕಿದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂದು ಮನೆಗಳು ಏಳಲೇ ಇಲ್ಲ. ಯುದ್ಧ ಶುರುವಾದಾಗ ಊರಿನ ಬಹುಭಾಗ ಬೀದಿಯಿದ್ದೂ ಮನೆಯಿಲ್ಲದ ಬಯಲು. ಈಗ ಅದೇ ಬೀದಿಗಳಲ್ಲಿ ಹತ್ತಾರು ದೇಶದವರಿದ್ದಾರೆ. ಭಾರತೀಯ ಅಂಗಡಿಗಳ ಬೀದಿ ಡೆವನ್ ಅವೆನ್ಯೂ ಹತ್ತಿರವೇ ಇರುವುದರಿಂದ ಮಗಳಿಗೆ ಕರಿಬೇವಿನ ಚಿಂತೆಯಿಲ್ಲ.

ಸ್ಕೋಕಿಯಿಂದ ವಾಯವ್ಯಕ್ಕೆ ಕಾರಿನಲ್ಲಿ ಕಾಲು ಗಂಟೆ ಹೋದರೆ ಗ್ಲೆನ್‌ವ್ಯೂ. 1929ರ ಅಕ್ಟೋಬರಿನಲ್ಲಿ, ಷೇರುಪೇಟೆ ಮುಗ್ಗರಿಸುವುದಕ್ಕೆ ಕೆಲವೇ ದಿನ ಮುಂಚೆ, ಅಲ್ಲಿ ಕರ್ಟಿಸ್-ರೆನಾಲ್ಡ್ಸ್ ಎಂಬ ಖಾಸಗಿ ವಿಮಾನ ನಿಲ್ದಾಣ ಬಾಗಿಲು ತೆರೆಯಿತು. 1937ರಲ್ಲಿ ನೌಕಾಪಡೆ ಅಲ್ಲಿ ಕಾಲಿಟ್ಟಿತು. ಯುದ್ಧ ಬಂದ ಮೇಲೆ ಅದು ಹೊಸಬರು ಹಾರಾಟದ ಅಕ್ಷರಾಭ್ಯಾಸ ಮಾಡುವ ಜಾಗವಾಯಿತು. ಕಲಿಯುವವರ ವಿಮಾನಗಳಿಗೆ ಹಳದಿ ಬಣ್ಣ. ಸುತ್ತಲಿನವರಿಗೆ ‘ಹುಷಾರು, ಕಲಿಯುವವನು ಬರುತ್ತಿದ್ದಾನೆ’ ಎಂಬ ಸೂಚನೆ ಅದು, ನಮ್ಮಲ್ಲಿ ಕಾರಿಗೆ ಕೆಂಪು ‘ಎಲ್’ ಅಂಟಿಸುವ ಹಾಗೆ. ಪೈಲಟ್‌ಗಳು ಅದಕ್ಕೆ ‘ಹಳದಿ ಗಂಡಾಂತರ’ ಎಂದು ಹೆಸರಿಟ್ಟಿದ್ದರು.

ನೌಕಾಪಡೆಯ ಪೈಲಟ್‌ಗೆ ಹಾರಲು ಬಂದರೆ ಸಾಲದು, ಹಡಗಿನ ಮೇಲೆ ಇಳಿಯಲು ಬರಬೇಕು. ಆದರೆ ಪರ್ಲ್ ಹಾರ್ಬರ್ ದಾಳಿಯ ನಂತರ ಒಂದೇ ಒಂದು ವಿಮಾನವಾಹಕವನ್ನೂ ಪಾಠಕ್ಕೆಂದು ಬಿಟ್ಟುಕೊಡುವ ಸ್ಥಿತಿಯಲ್ಲಿ ಅಮೆರಿಕ ಇರಲಿಲ್ಲ. ಕರಾವಳಿಯುದ್ದಕ್ಕೂ ಜಲಾಂತರ್ಗಾಮಿಗಳ ಭಯ. ಆಗ ಕಣ್ಣಿಗೆ ಬಿದ್ದದ್ದು ದೇಶದ ಒಡಲೊಳಗೇ ಇರುವ ಮಿಶಿಗನ್ ಸರೋವರ. ಅದನ್ನು ನಾವು ಕೆರೆ ಅನ್ನುವಂತಿಲ್ಲ. ಆಚೆ ದಡ ಕಾಣದು. ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಶತ್ರು ಅಲ್ಲಿಗೆ ಬರಲಾರ.

ಹಡಗು ಎಲ್ಲಿಂದ ತರುವುದು? ಸರೋವರಗಳಲ್ಲಿ ವಿಹಾರದ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಎರಡು ಮುದಿ ಹಬೆ ಹಡಗುಗಳಿದ್ದವು. 1913ರ ಸೀಆಂಡ್‌ಬೀ, 1924ರ ಗ್ರೇಟರ್ ಬಫಲೊ. ಇಕ್ಕೆಲದಲ್ಲೂ ದೊಡ್ಡ ಚಕ್ರಗಳು ತಿರುಗಿ ನೀರು ತಳ್ಳುವ, ಕಲ್ಲಿದ್ದಲು ಸುಡುವ ಹಡಗುಗಳು. ಅವುಗಳ ಮೇಲಂತಸ್ತುಗಳನ್ನು ಕೊಯ್ದು ಉದ್ದನೆಯ ಅಟ್ಟ ಹಾಸಿದರು. ಮೊದಲನೆಯದು ‘ವುಲ್ವರೀನ್’ ಎಂಬ ಹೆಸರಿನಲ್ಲಿ 1942ರ ಆಗಸ್ಟ್‌ನಲ್ಲೂ ಎರಡನೆಯದು ‘ಸೇಬಲ್’ ಎಂಬ ಹೆಸರಿನಲ್ಲಿ 1943ರ ಮೇನಲ್ಲೂ ನೌಕಾಪಡೆ ಸೇರಿದವು. ಬಂದೂಕಿಲ್ಲ, ವಿಮಾನ ಇಡಲು ಒಳಕೋಣೆಯಿಲ್ಲ, ಮೇಲೆ ಕೆಳಗೆ ಒಯ್ಯುವ ಲಿಫ್ಟಿಲ್ಲ. ಅಟ್ಟದ ಉದ್ದ ಸುಮಾರು 550 ಅಡಿ. ನಿಜವಾದ ದೊಡ್ಡ ವಿಮಾನವಾಹಕಗಳಿಗೆ ಹೋಲಿಸಿದರೆ ಮೂರನೇ ಎರಡರಷ್ಟು. ನೀರಿಗೂ ತೀರ ಹತ್ತಿರ.

ಹಡಗುಗಳು ಶಿಕಾಗೊದ ನೇವಿ ಪಿಯರ್‌ನಿಂದ ನಸುಕಿನಲ್ಲೇ ಹೊರಡುತ್ತಿದ್ದವು. ಗ್ಲೆನ್‌ವ್ಯೂನಿಂದ ಎದ್ದ ಪೈಲಟ್‌ಗಳು ಪೂರ್ವಕ್ಕೆ ತಿರುಗಿ, ವಿಲ್ಮೆಟ್‌ನ ದಡದಲ್ಲಿರುವ ಬಹಾಯಿ ಮಂದಿರದ ಬಿಳಿಯ ಗುಮ್ಮಟದ ಮೇಲೆ ಗುಂಪುಗೂಡಿ ಸುತ್ತು ಹಾಕುತ್ತಿದ್ದರು. ಆ ಜಾಗಕ್ಕೆ ಅವರಿಟ್ಟ ಗುಪ್ತನಾಮ ‘ಪಾಯಿಂಟ್ ಓಬೋ’. ಅಲ್ಲಿಂದ ನೀರಿನ ಮೇಲೆ ಹಾರಿ, ಹಡಗಿನ ಹೊಗೆಯ ಗೆರೆ ಹುಡುಕಿ ಇಳಿಯಬೇಕು. ಅಟ್ಟದ ಅಂಚಿನಲ್ಲಿ ಕೈಯಲ್ಲಿ ಎರಡು ಬಣ್ಣದ ಬ್ಯಾಟು ಹಿಡಿದ ಅಧಿಕಾರಿ ನಿಂತು ಎತ್ತರ, ತಗ್ಗು, ವೇಗ ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳುತ್ತಿದ್ದ. ಅವನು ಕತ್ತು ಕುಯ್ದಂತೆ ಸನ್ನೆ ಮಾಡಿದರೆ ಎಂಜಿನ್ನಿನ ಬಲ ಪೂರ್ತಿ ತಗ್ಗಿಸು. ಬಾಲದ ಕೊಕ್ಕೆ ಅಡ್ಡ ಬಿಗಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಕೊಂಡರೆ ಬದುಕಿದೆ. ಎಂಟು ಸಲ ಇಳಿದು ಎಂಟು ಸಲ ಎದ್ದರೆ ಪಾಸು.

ಹೀಗೆ ಪಾಸಾದವರು 17,000ಕ್ಕೂ ಹೆಚ್ಚು. ಎರಡೂ ಹಡಗುಗಳ ಮೇಲೆ ಆದ ಇಳಿತಗಳ ಲೆಕ್ಕ ಒಂದು ಲಕ್ಷ ಹದಿನಾರು ಸಾವಿರದಷ್ಟು. 1943ರ ಆಗಸ್ಟ್‌ನಲ್ಲಿ ಸೇಬಲ್ ಮೇಲೆ ಇಳಿದು ಪಾಸಾದ ಹತ್ತೊಂಬತ್ತರ ಹುಡುಗನೊಬ್ಬ ಮುಂದೆ ಅಮೆರಿಕದ ಅಧ್ಯಕ್ಷನಾದ. ಅವನೇ ಜಾರ್ಜ್ ಎಚ್. ಡಬ್ಲ್ಯು. ಬುಷ್, ಹಿರಿಯ ಬುಷ್. ಚಳಿಗಾಲದಲ್ಲೂ ಪಾಠ ನಿಲ್ಲುತ್ತಿರಲಿಲ್ಲ. ಅಟ್ಟದ ಹಿಮವನ್ನು ಸಲಿಕೆಯಿಂದ ಬಾಚಿ ಹಾಕಿ ಇಳಿಸುತ್ತಿದ್ದರು. ಗಾಳಿ ಬೀಸದ ದಿನ ಇನ್ನೊಂದು ಕಷ್ಟ: ಮುದಿ ಹಡಗಿನ ವೇಗ ಸಾಲದೆ ಭಾರದ ವಿಮಾನ ಏಳಲು ಬೇಕಾದ ಎದುರುಗಾಳಿ ಸಿಗುತ್ತಿರಲಿಲ್ಲ.

ತಪ್ಪಿದವರ ವಿಮಾನ ಸರೋವರ ಸೇರಿತು. ಹಾಗೆ ಮುಳುಗಿದವು ನೂರಿಪ್ಪತ್ತಕ್ಕೂ ಹೆಚ್ಚು. ಕಾವಲಿದ್ದ ದೋಣಿಗಳು ಕೂಡಲೇ ಧಾವಿಸುತ್ತಿದ್ದುದರಿಂದ ಬಹುತೇಕರು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಮೇಲೆ ಬಂದರು, ಮಾರನೆಯ ದಿನ ಮತ್ತೆ ಹಾರಿದರು. ಎಂಟು ಪೈಲಟ್‌ಗಳು ಬರಲಿಲ್ಲ. ಅಷ್ಟು ಸಾವಿರ ಇಳಿತಗಳಿಗೆ ಎಂಟೇ ಎಂದು ನೌಕಾಪಡೆ ಸಮಾಧಾನ ಪಟ್ಟಿತು. ಲೆಕ್ಕದಲ್ಲಿ ಅದು ಸರಿಯೇ. ಎಂಟು ಮನೆಗಳಿಗೆ ಹೋದ ತಂತಿಯಲ್ಲಿ ಲೆಕ್ಕವಿರಲಿಲ್ಲ.

ಎರಡು ನೂರು ತೂತಿನ ವಿಮಾನ

ಆ ತಳದಲ್ಲಿ ಮಲಗಿದ್ದ ವಿಮಾನಗಳಲ್ಲಿ 2106 ಎಂಬ ಸಂಖ್ಯೆಯ ಡಾಂಟ್‌ಲೆಸ್ ಬಾಂಬರೊಂದಿತ್ತು. ಅದರ ಕತೆ ಕೇಳಿದ ಮೇಲೆ ಗರಡಿಯ ಪ್ರಶ್ನೆ ನನಗೆ ಇನ್ನೂ ಕಗ್ಗಂಟಾಯಿತು.

1942ರ ಜೂನ್ 4, ಪೆಸಿಫಿಕ್‌ನ ಮಿಡ್‌ವೇ ದ್ವೀಪದ ಕಾಳಗ. ದ್ವೀಪದಿಂದ ಮರೀನ್ ದಳದ ಹದಿನಾರು ಡಾಂಟ್‌ಲೆಸ್‌ಗಳು ಜಪಾನಿ ನೌಕೆ ಹಿರ್ಯು ಕಡೆಗೆ ಹೊರಟವು. ಎಂಟು ಮರಳಲಿಲ್ಲ. ಮರಳಿದವುಗಳಲ್ಲಿ ಡೇನಿಯಲ್ ಐವರ್ಸನ್ ಹಾರಿಸಿದ 2106 ಒಂದು. ಅದರ ಮೈಯಲ್ಲಿ ಎರಡು ನೂರಕ್ಕೂ ಹೆಚ್ಚು ಗುಂಡಿನ ತೂತು. ಒಂದು ಗುಂಡು ಪೈಲಟ್‌ನ ಕೊರಳಿಗೆ ಕಟ್ಟಿದ್ದ ಮೈಕನ್ನೇ ಹಾರಿಸಿಕೊಂಡು ಹೋಗಿತ್ತು. ಇಳಿಯುವಾಗ ಕೆಲಸ ಮಾಡಿದ್ದು ಒಂದೇ ಗಾಲಿ. ಹಿಂದೆ ಕೂತ ಗನ್ನರ್ ಗಾಯಗೊಂಡಿದ್ದರೂ ಇಬ್ಬರೂ ಬದುಕಿದರು.

ಅಷ್ಟು ಏಟು ತಿಂದ ವಿಮಾನಕ್ಕೆ ತೇಪೆ ಹಾಕಿ ಕಲಿಯುವವರಿಗೆಂದು ಗ್ಲೆನ್‌ವ್ಯೂಗೆ ಕಳಿಸಿದರು. ಮೇಷ್ಟ್ರಾಗುವ ವಯಸ್ಸು ಬಂದಿತ್ತು ಅನ್ನಿ. 1943ರ ಜೂನ್ 11ರಂದು, ಮಿಡ್‌ವೇ ಮುಗಿದು ಒಂದು ವರ್ಷ ಕಳೆದ ಮರುವಾರ, ತರಬೇತಿಯಲ್ಲಿದ್ದ ಪೈಲಟ್ ಅದನ್ನು ಸರೋವರಕ್ಕೆ ಇಳಿಸಬೇಕಾಯಿತು. ಅವನು ಪಾರಾದ, ವಿಮಾನ ಮುಳುಗಿತು.

ಐವರ್ಸನ್‌ನ ಕತೆಯೂ ಬೇರೆಯಲ್ಲ. ಮಿಡ್‌ವೇಯ ಗುಂಡುಗಳಿಗೆ ಸಿಗದವನನ್ನು ಕಲಿಸಲೆಂದು ಫ್ಲಾರಿಡಾದ ವೆರೋ ಬೀಚ್‌ಗೆ ಹಾಕಿದರು. 1944ರ ಜನವರಿಯಲ್ಲಿ ಅಲ್ಲಿ ತರಬೇತಿ ವಿಮಾನಗಳೆರಡು ಆಕಾಶದಲ್ಲೇ ಡಿಕ್ಕಿ ಹೊಡೆದಾಗ ಅವನು ತೀರಿಕೊಂಡ. ಯುದ್ಧ ಬಿಟ್ಟುಕೊಟ್ಟವನನ್ನು ಪಾಠಶಾಲೆ ಬಿಡಲಿಲ್ಲ.

1990ರ ದಶಕದ ಮೊದಲರ್ಧದಲ್ಲಿ 2106ನ್ನು ಮೇಲೆತ್ತಿದರು. ಸಿಹಿನೀರು, ಮೇಲಾಗಿ ಕೊರೆಯುವ ತಂಪು. ಸಮುದ್ರದ ಉಪ್ಪು ತಿಂದು ಹಾಕುವುದನ್ನು ಸರೋವರ ಕಾಪಾಡಿ ಇಟ್ಟಿತ್ತು. ಗುಂಡಿನ ತೂತುಗಳಿಗೆ ಹಾಕಿದ ತೇಪೆಗಳೂ ಹಾಗೇ ಇದ್ದವು. ವಿಮಾನ ಫ್ಲಾರಿಡಾದ ಪೆನ್ಸಕೋಲಾದ ನೌಕಾ ವಾಯುಯಾನ ಸಂಗ್ರಹಾಲಯ ಸೇರಿತು. ಹೀಗೆ ಎತ್ತಿದವು ನಲವತ್ತರಷ್ಟಾಗಿವೆ. ಶಿಕಾಗೊದ ಇನ್ನೊಂದು ನಿಲ್ದಾಣದ ಹೆಸರೇ ಮಿಡ್‌ವೇ. ಅಲ್ಲೂ ಸರೋವರದಿಂದ ಎದ್ದು ಬಂದ ಡಾಂಟ್‌ಲೆಸ್ ಒಂದನ್ನು ಇಟ್ಟಿದ್ದಾರೆ. ನೀರಿನಲ್ಲಿ ಉಳಿದವುಗಳ ಮೇಲೆ ಈಗ ಹೊರಗಿನಿಂದ ಬಂದು ಸೇರಿದ ಕ್ವಾಗಾ ಚಿಪ್ಪುಹುಳುಗಳು ಪೊರೆಗಟ್ಟಿ ಲೋಹವನ್ನು ಕೆಡಿಸುತ್ತಿವೆ.

ಹಗಲು ಕಂಡ ಬಾವಿ

ಸೇಬಲ್, ವುಲ್ವರೀನ್‌ಗಳ ಪಾಠ ಹಗಲಿನದು, ಮುಸ್ಸಂಜೆಗೆ ಮುಗಿಯುತ್ತಿತ್ತು. ಆದರೆ ಯುದ್ಧಕ್ಕೆ ಹೋಗುವ ಪೈಲಟ್ ಇರುಳಲ್ಲಿ ಹಾರುವುದನ್ನೂ ಕಲಿಯಲೇಬೇಕು. ಕಲಿಯುವವರಲ್ಲಿ ಹಲವರನ್ನು ಕತ್ತಲು ತಿಂದಿದೆ. ನಮ್ಮಲ್ಲಿ ‘ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ’ ಎಂಬ ಮಾತಿದೆ. ಹಗಲಲ್ಲಿ ನೂರು ಸಲ ಇಳಿದ ಅದೇ ಓಡುದಾರಿ ರಾತ್ರಿ ಬಾವಿಯಾಗುತ್ತದೆ. ಯಾಕೆ?

ಒಂದು, ಕಣ್ಣು. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಒಂದು ಬೆಂಕಿಕಡ್ಡಿ ಗೀರಿದರೆ ಅಷ್ಟೂ ವ್ಯರ್ಥ. ಮೇಲಾಗಿ ಕಣ್ಣಿನ ನಟ್ಟನಡುವಿನ ಭಾಗ ಕತ್ತಲಲ್ಲಿ ಕುರುಡು. ಮಸುಕು ನಕ್ಷತ್ರವನ್ನು ನೇರ ನೋಡಿದರೆ ಕಾಣದೆ, ಓರೆಗಣ್ಣಿನಲ್ಲಿ ನೋಡಿದರೆ ಕಾಣುವುದು ಅದಕ್ಕೇ. ಕಗ್ಗತ್ತಲಲ್ಲಿ ಒಂಟಿ ದೀಪವನ್ನು ದಿಟ್ಟಿಸುತ್ತ ಕೂತರೆ ನಿಂತ ದೀಪವೇ ನಡೆಯತೊಡಗುತ್ತದೆ. ಹೊಲದ ಗುಡಿಸಲಿನ ಲಾಟೀನನ್ನು ಕೊಳ್ಳಿದೆವ್ವ ಎಂದು ಓಡಿ ಬಂದವರು ನಮ್ಮೂರಲ್ಲೂ ಇದ್ದರು. ಮುಂದಿನ ವಿಮಾನದ ದೀಪ ಎಂದು ನಂಬಿ ಪೈಲಟ್ ಹಿಂಬಾಲಿಸಿದ್ದು ನಕ್ಷತ್ರವಾಗಿರಬಹುದು, ದೋಣಿಯ ದೀಪವಾಗಿರಬಹುದು.

ಎರಡು, ಕಿವಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಳೆಗಳಿವೆ. ತಿರುಗಿದಾಗ ಆ ದ್ರವ ಅಲುಗಿ ಮಿದುಳಿಗೆ ಸುದ್ದಿ ಕೊಡುತ್ತದೆ. ಆದರೆ ವಿಮಾನ ಒಂದೇ ಸಮನೆ, ನಿಧಾನವಾಗಿ ವಾಲಿ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವ ನಿಂತುಬಿಡುತ್ತದೆ. ‘ನೇರ ಹೋಗುತ್ತಿದ್ದೇವೆ’ ಎನ್ನುತ್ತದೆ ಮಿದುಳು. ಹಗಲಾದರೆ ದಿಗಂತದ ಗೆರೆ ಈ ಸುಳ್ಳನ್ನು ಹಿಡಿದು ಕೊಡುತ್ತದೆ. ಇರುಳಲ್ಲಿ, ಅದರಲ್ಲೂ ನೀರಿನ ಮೇಲೆ, ದಿಗಂತವೇ ಇಲ್ಲ. ಎತ್ತರ ಇಳಿಯುತ್ತಿದೆ ಎಂದು ಮುಳ್ಳು ತೋರಿಸಿದಾಗ ಪೈಲಟ್ ಮೂತಿ ಮೇಲೆಳೆಯುತ್ತಾನೆ; ವಾಲಿದ ವಿಮಾನ ಮೇಲೇರುವ ಬದಲು ಸುಳಿಯನ್ನು ಇನ್ನೂ ಬಿಗಿದುಕೊಂಡು ಕೆಳಗೆ ಹೋಗುತ್ತದೆ. ಪೈಲಟ್‌ಗಳು ಅದಕ್ಕೆ ಕೊಟ್ಟ ಹೆಸರು ‘ಸ್ಮಶಾನದ ಸುಳಿ’. ಅಧ್ಯಕ್ಷ ಕೆನಡಿಯ ಮಗ 1999ರ ಜುಲೈ ರಾತ್ರಿಯೊಂದರಲ್ಲಿ ಅಟ್ಲಾಂಟಿಕ್‌ಗೆ ಬಿದ್ದದ್ದೂ ಹೀಗೆ ದಿಕ್ಕು ತಪ್ಪಿಯೇ.

ಮೂರು, ದೀಪಗಳೇ. ಸುತ್ತಲೂ ಕತ್ತಲಿದ್ದು ಓಡುದಾರಿಯ ದೀಪಗಳಷ್ಟೇ ಕಂಡರೆ ಪೈಲಟ್‌ಗೆ ತಾನು ಇರುವುದಕ್ಕಿಂತ ಎತ್ತರದಲ್ಲಿದ್ದೇನೆ ಅನ್ನಿಸುತ್ತದೆ. ಇಳಿಸುತ್ತ ಇಳಿಸುತ್ತ ಓಡುದಾರಿ ಇನ್ನೂ ದೂರವಿರುವಾಗಲೇ ನೆಲ ಮುಟ್ಟುತ್ತಾನೆ.

ಇದಕ್ಕೆಲ್ಲ ಇರುವ ಮದ್ದು ಒಂದೇ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಕಾಕ್‌ಪಿಟ್ಟಿನಲ್ಲಿ ಬರೆದು ಅಂಟಿಸಬಹುದು. ಮೈಯ ಮಾತು ಕೇಳಬೇಡ, ಮುಳ್ಳಿನ ಮಾತು ಕೇಳು. ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ ಮುಚ್ಚಿಕೊಂಡು ಬರೀ ಉಪಕರಣ ನೋಡಿ ಎದ್ದು, ಹಾರಿ, ಇಳಿದು ತೋರಿಸಿದ್ದು 1929ರ ಸೆಪ್ಟೆಂಬರಿನಲ್ಲಿ, ಗ್ಲೆನ್‌ವ್ಯೂ ನಿಲ್ದಾಣ ತೆರೆಯುವ ಹಿಂದಿನ ತಿಂಗಳು. ಯುದ್ಧ ಬಂದಾಗ ಆ ವಿದ್ಯೆಗೆ ಹದಿಮೂರು ವರ್ಷವೂ ತುಂಬಿರಲಿಲ್ಲ. ಲಿಂಕ್ ಟ್ರೇನರ್ ಎಂಬ ಗಿಡ್ಡ ರೆಕ್ಕೆಯ ಪೆಟ್ಟಿಗೆಯಲ್ಲಿ ಹುಡುಗರನ್ನು ಕೂರಿಸಿ, ಮುಚ್ಚಳ ಹಾಕಿ, ನೆಲದ ಮೇಲೇ ಕುರುಡು ಹಾರಾಟ ಕಲಿಸುತ್ತಿದ್ದರು. ಆದರೆ ಇಪ್ಪತ್ತರ ಹರೆಯದವನಿಗೆ ತನ್ನ ಮೈಯೇ ಸುಳ್ಳು ಹೇಳುತ್ತದೆ ಎಂದು ನಂಬಿಸಲು ಪೆಟ್ಟಿಗೆಯೊಂದು ಸಾಕೆ?

ಬೆಲೆ ಎಷ್ಟಾಯಿತು? 1941ರ ಡಿಸೆಂಬರಿನಿಂದ 1945ರ ಆಗಸ್ಟ್‌ವರೆಗೆ ಅಮೆರಿಕದ ಭೂಸೇನೆಯ ವಾಯುಪಡೆಯೊಂದೇ ಸ್ವದೇಶದ ನೆಲದಲ್ಲಿ 50,000ಕ್ಕೂ ಹೆಚ್ಚು ಅಪಘಾತ ಕಂಡಿತು. ಸತ್ತವರು ಸುಮಾರು 15,000. ಶತ್ರುವಿನ ಮುಖವನ್ನೇ ನೋಡದೆ ದಿನಕ್ಕೆ ಹತ್ತಕ್ಕೂ ಹೆಚ್ಚು ಜನ. ಇರುಳು ದಾಳಿಗೇ ಹೆಸರಾದ ಬ್ರಿಟನ್ನಿನ ಬಾಂಬರ್ ಕಮಾಂಡ್ ಕಳೆದುಕೊಂಡ 55,573 ಮಂದಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ತರಬೇತಿಯಲ್ಲೇ ಮಡಿದವರು. ಮುಂಚೂಣಿಯಲ್ಲಿ ಸವೆದ ವಿಮಾನಗಳೇ ಪಾಠಕ್ಕೆ ಬರುತ್ತಿದ್ದುದು ಅಲ್ಲೂ ಇದ್ದ ಕತೆ.

ಓಹೇರ್ ಮರಳದ ಇರುಳು

ನಿಲ್ದಾಣಕ್ಕೆ ಹೆಸರು ಕೊಟ್ಟವನೂ ಕೊನೆಗೆ ಕತ್ತಲಿನ ವಿದ್ಯಾರ್ಥಿಯೇ. 1943ರ ಕೊನೆಗೆ ಪೆಸಿಫಿಕ್‌ನಲ್ಲಿ ಜಪಾನಿ ವಿಮಾನಗಳು ಹಗಲು ಬಿಟ್ಟು ಸಂಜೆ ಮಬ್ಬಿಗೆ ಬರತೊಡಗಿದ್ದವು. ಹಡಗಿನಿಂದೆದ್ದು ಇರುಳಲ್ಲಿ ಅವುಗಳನ್ನು ತಡೆಯುವ ವಿದ್ಯೆ ಆಗ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಎಂಟರ್‌ಪ್ರೈಸ್ ನೌಕೆಯಲ್ಲಿ ಒಂದು ಉಪಾಯ ಹೂಡಿದರು: ರಾಡಾರ್ ಇರುವ ಒಂದು ಅವೆಂಜರ್ ಬಾಂಬರು ದಾರಿ ತೋರಬೇಕು, ರಾಡಾರ್ ಇಲ್ಲದ ಎರಡು ಹೆಲ್‌ಕ್ಯಾಟ್ ಫೈಟರ್‌ಗಳು ಅದರ ಬೆನ್ನು ಹಿಡಿದು ಹೋಗಬೇಕು. ಕುರುಡರ ಕೈಗೆ ಕಣ್ಣಿದ್ದವನ ಕೋಲು ಕೊಟ್ಟ ಹಾಗೆ.

ನವೆಂಬರ್ 26ರ ರಾತ್ರಿ ಗಿಲ್ಬರ್ಟ್ ದ್ವೀಪಗಳ ಬಳಿ ಮೂರೂ ಎದ್ದವು. ಅವೆಂಜರ್ ಎರಡು ಶತ್ರು ವಿಮಾನಗಳನ್ನು ಹೊಡೆಯಿತು. ಕತ್ತಲಲ್ಲಿ ಮೂವರೂ ಮತ್ತೆ ಒಂದೆಡೆ ಸೇರುವ ಹೊತ್ತಿಗೆ ನಾಲ್ಕನೆಯ ನೆರಳೊಂದು ನುಸುಳಿತು. ಗುಂಡಿನ ಕಿಡಿಗಳು ಹಾರಿದವು. ಓಹೇರ್‌ನ ಹೆಲ್‌ಕ್ಯಾಟ್ ಪಕ್ಕಕ್ಕೆ ಸರಿದು ಕೆಳಗಿನ ಕತ್ತಲಲ್ಲಿ ಕರಗಿತು. ಶತ್ರುವಿನ ಗುಂಡೋ, ಗೊಂದಲದಲ್ಲಿ ತಮ್ಮವರದ್ದೇ ಗುಂಡೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಅವನಿಗಾಗ 29 ವರ್ಷ. ದೇಹ ಸಿಗಲಿಲ್ಲ, ವಿಮಾನ ಸಿಗಲಿಲ್ಲ. ಅವೆಂಜರ್‌ನಲ್ಲಿ ಗನ್ನರ್ ಆಗಿದ್ದ ಆಲ್ವಿನ್ ಕರ್ನನ್ ಮುಂದೆ ಸಾಹಿತ್ಯದ ಪ್ರಾಧ್ಯಾಪಕರಾದರು. ಆ ರಾತ್ರಿಯ ಬಗ್ಗೆ ಬರೆದರು.

ಆ ಉಪಾಯ ಅಲ್ಲಿಗೆ ನಿಲ್ಲಲಿಲ್ಲ. 1944ರ ಹೊತ್ತಿಗೆ ಇಂಡಿಪೆಂಡೆನ್ಸ್ ಎಂಬ ನೌಕೆಯನ್ನು ಇರುಳು ಹಾರಾಟಕ್ಕೇ ಮೀಸಲಿಟ್ಟರು, ಫೈಟರ್‌ಗಳ ರೆಕ್ಕೆಯಲ್ಲೇ ರಾಡಾರ್ ಕೂತಿತು. ವೀರ ಎಂದು ಹೆಸರಾದವನು ಪದಕ ಸಿಕ್ಕ ಮೇಲೆ ಮನೆಯಲ್ಲಿ ಕೂರದೆ, ಯಾರಿಗೂ ಬಾರದ ಪಾಠಕ್ಕೆ ಮೊದಲ ವಿದ್ಯಾರ್ಥಿಯಾಗಿ ಕೂತ. ನನಗೆ ಅವನ ಫೆಬ್ರುವರಿ 20ಕ್ಕಿಂತ ಈ ನವೆಂಬರ್ 26 ದೊಡ್ಡದು ಅನ್ನಿಸುತ್ತದೆ. ಆ ಲೆಕ್ಕದಲ್ಲಿ, ಅವನ ಹೆಸರಿನ ನಿಲ್ದಾಣದಲ್ಲಿ ತರಬೇತಿಯ ವಿಮಾನ ನಿಂತಿರುವುದು ಸರಿಯಾಗಿಯೇ ಇದೆ.

ಬೆಳ್ಳಂದೂರು ಕೆರೆಯಲ್ಲಿ ಹಾರುದೋಣಿ

ಇದೆಲ್ಲ ಯಾವುದೋ ದೂರದ ನೀರಿನ ಕತೆ ಎಂದುಕೊಂಡರೆ ತಪ್ಪು. ಅದೇ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಆಕಾಶವೂ ಗರಡಿಯಾಗಿತ್ತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ತನ್ನ 84ನೇ ಏರ್ ಡಿಪೋ ಮಾಡಿಕೊಂಡಿತು. ಬರ್ಮಾ, ಚೀನಾ ಕಡೆಯ ಹೋರಾಟದಲ್ಲಿ ಜರ್ಜರಿತವಾದ ವಿಮಾನಗಳು ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಕ್ಯಾಟಲೈನಾ ಎಂಬ ಹಾರುದೋಣಿಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಮುಂದೆ ನೊರೆಯಿಂದಲೂ ಬೆಂಕಿಯಿಂದಲೂ ಸುದ್ದಿಯಾದ ಅದೇ ಬೆಳ್ಳಂದೂರು ಕೆರೆ.

ಯಲಹಂಕದಲ್ಲಿ ಬ್ರಿಟಿಷ್ ವಾಯುಪಡೆಯ ಶಾಲೆಗಳಿದ್ದವು. ಹಳೆಯ ವಿಮಾನ ಹಾರಿಸಿ ಬಲ್ಲವರಿಗೆ 1944ರಲ್ಲಿ ಅಲ್ಲಿ ಹೊಸವನ್ನು ಕಲಿಸುತ್ತಿದ್ದರು: ಮರದ ಹಲಗೆ ಅಂಟಿಸಿ ಕಟ್ಟಿದ ಎರಡು ಎಂಜಿನ್ನಿನ ಮಸ್ಕೀಟೊ, ಏಳು ಟನ್ ತೂಗುವ ಥಂಡರ್‌ಬೋಲ್ಟ್. ಏರೋ ಇಂಡಿಯಾ ನೋಡಲು ಯಲಹಂಕದಲ್ಲಿ ಸಾಲು ನಿಲ್ಲುವ ನಾವು ಆ ಹುಡುಗರನ್ನು ನೆನೆಯುವುದು ಕಡಿಮೆ.

ದಕ್ಷಿಣ ಭಾರತದ ಕಂಟೋನ್ಮೆಂಟುಗಳ ಚದುರಿದ ಸಮಾಧಿಗಳನ್ನು 1952ರಲ್ಲಿ ಚೆನ್ನೈನ ನಂದಂಬಾಕ್ಕಂನ ಮದ್ರಾಸ್ ಯುದ್ಧ ಸ್ಮಶಾನಕ್ಕೆ ತಂದು ಸೇರಿಸಿದರು. ಎಂಟುನೂರಕ್ಕೂ ಹೆಚ್ಚು ಕಲ್ಲುಗಳು, ಎಲ್ಲವೂ ಒಂದೇ ಎತ್ತರ. ಕಾಮನ್‌ವೆಲ್ತ್ ಸಮಾಧಿ ಆಯೋಗದ ನಿಯಮವೇ ಅದು: ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಇಲ್ಲ; ಯುದ್ಧದ ವರ್ಷಗಳಲ್ಲಿ ಸೇವೆಯಲ್ಲಿದ್ದಾಗ ಸತ್ತರೆ ಸಾಕು, ಗುಂಡು ತಗಲಿ ಸತ್ತನೋ, ಮಲೇರಿಯಾದಿಂದಲೋ, ಇರುಳಿನ ಪಾಠದಲ್ಲಿ ಬಿದ್ದನೋ ಎಂದು ಕಲ್ಲು ಕೇಳುವುದಿಲ್ಲ. ಅಜ್ಜ ಉತ್ತರಿಸದ ಪ್ರಶ್ನೆಗೆ ಈ ಕಲ್ಲುಗಳು ತಮ್ಮ ಪಾಡಿಗೆ ಉತ್ತರ ಹೇಳುತ್ತ ನಿಂತಿವೆ.

ನೀರಿಗೆ ಕೈಮುಗಿದು

ಡೆಟ್ರಾಯಿಟ್‌ನಿಂದ ತಂಗಿ ನನ್ನನ್ನು ಪೋರ್ಟ್ ಹ್ಯೂರನ್‌ಗೆ ಕರೆದುಕೊಂಡು ಹೋದಳು. ಕಾರಿನಲ್ಲಿ ಒಂದು ಗಂಟೆಯ ದಾರಿ. ಟಸ್ಕೀಗಿ ಏರ್‌ಮೆನ್ ಎಂದು ಹೆಸರಾದ ಕಪ್ಪು ಪೈಲಟ್‌ಗಳನ್ನು ಯುದ್ಧಕ್ಕೆ ಹುರಿಗೊಳಿಸಿದ್ದು ಮಿಶಿಗನ್ ರಾಜ್ಯದ ಸೆಲ್‌ಫ್ರಿಜ್, ಆಸ್ಕೋಡಾ ನೆಲೆಗಳಲ್ಲಿ. 1944ರ ಏಪ್ರಿಲ್ 11ರಂದು ಹ್ಯೂರನ್ ಸರೋವರದ ಮೇಲೆ ಗುರಿಯ ಅಭ್ಯಾಸದಲ್ಲಿದ್ದ ಫ್ರಾಂಕ್ ಮೂಡಿಯ ಪಿ-39 ವಿಮಾನ ನೀರಿಗೆ ಬಿತ್ತು. ತಿರುಗುವ ಪ್ರೊಪೆಲ್ಲರ್‌ನ ಎಲೆಗಳ ಸಂದಿನಲ್ಲೇ ಗುಂಡು ಹಾರಬೇಕಾದ ಬಂದೂಕಿನ ತಾಳ ತಪ್ಪಿ, ತನ್ನದೇ ಗುಂಡು ತನ್ನದೇ ಎಲೆಯನ್ನು ಕಡಿದಿತ್ತು. ಎಪ್ಪತ್ತು ವರ್ಷಗಳ ನಂತರ, 2014ರ ಏಪ್ರಿಲ್‌ನಲ್ಲಿ, ಮುಳುಗುಗಾರರು ಅದನ್ನು ಪತ್ತೆ ಹಚ್ಚಿದರು. 2021ರಲ್ಲಿ ಪೋರ್ಟ್ ಹ್ಯೂರನ್‌ನ ನೀರ ದಡದಲ್ಲಿ ಸ್ಮಾರಕ ನಿಲ್ಲಿಸಿದರು. ಶತ್ರುವನ್ನು ಕಾಣದೆ, ಕಲಿಯುತ್ತಲೇ ಮಡಿದವರಿಗೆ ಊರವರು ನೆಟ್ಟ ಕಲ್ಲು. ಗರಡಿಯಲ್ಲಿ ಬಿದ್ದವನಿಗೂ ವೀರಗಲ್ಲುಂಟು ಎಂದು ಅಂದು ಕಣ್ಣಾರೆ ಕಂಡೆ.

ಗ್ಲೆನ್‌ವ್ಯೂ ನೆಲೆ 1995ರಲ್ಲಿ ಮುಚ್ಚಿತು. ಓಡುದಾರಿ ಇದ್ದಲ್ಲಿ ಮನೆ, ಕೆರೆ, ಅಂಗಡಿಗಳ ‘ದಿ ಗ್ಲೆನ್’ ಬಡಾವಣೆ ಎದ್ದಿದೆ. ಹ್ಯಾಂಗರ್ ಒಂದರ ಮುಖ, ನಿಯಂತ್ರಣ ಗೋಪುರ ಉಳಿದಿವೆ, ಒಳಗೆ ಅಂಗಡಿಗಳು. ವುಲ್ವರೀನ್, ಸೇಬಲ್ ಎರಡನ್ನೂ ಯುದ್ಧ ಮುಗಿದ ಎರಡು ಮೂರು ವರ್ಷಗಳಲ್ಲೇ ಗುಜರಿಗೆ ಮಾರಿದರು. ಬದಲಾಗದೆ ಉಳಿದಿರುವುದು ಬಹಾಯಿ ಮಂದಿರದ ಗುಮ್ಮಟ ಮತ್ತು ಅದರ ಮುಂದಿನ ನೀರು.

ಊರಿಗೆ ಮರಳುವ ಹಿಂದಿನ ಸಂಜೆ ಮಗಳು, ಅಳಿಯ, ಮೊಮ್ಮಗನ ಜೊತೆ ವಿಲ್ಮೆಟ್‌ನ ದಡಕ್ಕೆ ಹೋಗಿದ್ದೆ. ಕತ್ತಲಾಗುತ್ತ ಬಂತು. ಗುಮ್ಮಟಕ್ಕೆ ದೀಪ ಹತ್ತಿತು. ಸರೋವರದ ಮೇಲಿನ ಕಪ್ಪಿನಲ್ಲಿ ದೀಪಗಳ ಸಾಲೊಂದು ಕಾಣಿಸಿತು. ಒಂದರ ಹಿಂದೊಂದು ಓಹೇರ್ ಕಡೆಗೆ ಇಳಿಯುತ್ತಿರುವ ವಿಮಾನಗಳು. ‘ಅಷ್ಟು ಕತ್ತಲಲ್ಲಿ ಅವರಿಗೆ ದಾರಿ ಹೇಗೆ ಕಾಣುತ್ತೆ ಅಜ್ಜ?’ ಎಂದ ಮೊಮ್ಮಗ. ಕಾಣುವುದಿಲ್ಲ, ಮುಳ್ಳು ನೋಡಿ ನಂಬುತ್ತಾರೆ, ನಂಬಲು ಕಲಿಸಿದವರು ಈ ನೀರಿನಲ್ಲಿದ್ದಾರೆ ಎನ್ನಬೇಕೆನಿಸಿತು. ಏಳು ವರ್ಷದವನಿಗೆ ಅಷ್ಟೆಲ್ಲ ಹೇಳಲಾಗಲಿಲ್ಲ.

ಗರಡಿಗೆ ಇಳಿಯುವ ಮುಂಚೆ ಪೈಲ್ವಾನರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಲ್ಲಿ ಬಿದ್ದವರೆಲ್ಲ ಆ ಮಣ್ಣಿನಲ್ಲೇ ಇದ್ದಾರೆ ಎಂಬ ಭಾವ ಅದು ಎಂದು ಅಜ್ಜ ಹೇಳಿದ್ದು ನೆನಪಾಯಿತು. ಚಪ್ಪಲಿ ಬಿಟ್ಟು ನೀರಿನಂಚಿಗೆ ಹೋದೆ. ಜುಲೈ ತಿಂಗಳಾದರೂ ಕಾಲು ಜುಮ್ಮೆನ್ನುವ ತಂಪು. ಬಗ್ಗಿ ಒಂದು ಬೊಗಸೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ‘ಏನ್ ಮಾಡ್ತಿದ್ದೀರಿ ಮಾವ?’ ಎಂದು ಅಳಿಯ ದಡದಿಂದ ಕೂಗಿದ. ಮೊಮ್ಮಗ ಏನೂ ಕೇಳಲಿಲ್ಲ. ಪಕ್ಕಕ್ಕೆ ಬಂದು ನಿಂತು, ನನ್ನ ಹಾಗೆಯೇ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ.